ಮೆಟಾಟಾರ್ಸಲ್ ಅಂದರೆ ಏನು? ಈ ಹೆಸರು ಎಲ್ಲಿಂದ ಬಂತು?

ಮಲೆನಾಡ ಮಳೆ (ಮೂಡಿಗೆರೆ), ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ಬೆಳಿಗ್ಗೆ ಹಾಲು ಕರೆದುಕೊಂಡು ಬರುವಾಗ ಕಾಫಿ ಕಣದ ಅಂಚಿನಲ್ಲಿ ಜಾರಿದೆ. ಮಳೆಗಾಲ ಅಲ್ವಾ, ಕಣಕ್ಕೆಲ್ಲ ಹಾವಸೆ ಕಟ್ಟಿದೆ. ನಾನು ಬೀಳಲಿಲ್ಲ, ಹಾಲೂ ಚೆಲ್ಲಲಿಲ್ಲ. ಆದರೆ ಎಡಗಾಲು ಒಳಕ್ಕೆ ಮಡಚಿ ಒಣಕಡ್ಡಿ ಮುರಿದ ಹಾಗೆ ಟಕ್ ಅಂತು. ಮಧ್ಯಾಹ್ನದ ಹೊತ್ತಿಗೆ ಪಾದ ಹಲಸಿನ ತೊಳೆ ಥರ ಊದಿಕೊಂಡಿತು.

ಎಕ್ಸ್‌ರೇ ಆಯಿತು. ಡಾಕ್ಟರಿಗೆ ಹೊರಗೆ ನಲವತ್ತು ಜನ ಕಾಯುತ್ತಿದ್ದರು. "ಸಣ್ಣ ಮೂಳೆ ಬಿಟ್ಟಿದೆ ಅಮ್ಮಾ, ಆರು ವಾರ ಹುಷಾರು" ಅಂದರು, ಅಷ್ಟೇ. ಮನೆಗೆ ಬಂದು ಚೀಟಿ ನೋಡಿದರೆ "ಫಿಫ್ತ್ ಮೆಟಾಟಾರ್ಸಲ್, ಬೇಸ್, ಅವಲ್ಷನ್ ಫ್ರಾಕ್ಚರ್" ಅಂತ ಬರೆದಿದೆ. ಅತ್ತೆ ಯಾವ ಮೂಳೆ ಅಂತ ಕೇಳಿದರು. ಓದಿ ಹೇಳಿದೆ. "ನೀನು ಜಾರಿದ್ದು ಕಣದಲ್ಲಲ್ವಾ, ಟಾರ್ ರೋಡು ಎಲ್ಲಿಂದ ಬಂತು?" ಅಂದರು.

ಔಷಧಿ ಏನು ಅಂತ ಕೇಳುತ್ತಿಲ್ಲ, ಅದು ಡಾಕ್ಟರ ಕೆಲಸ. ಆರು ವಾರ ಕಾಲು ಮೇಲಿಟ್ಟುಕೊಂಡು ಕೂರಬೇಕು, ತಲೆಗೆ ಏನಾದರೂ ಕೆಲಸ ಬೇಕಲ್ಲ. ಈ ಪದಕ್ಕೆ ಅರ್ಥ ಏನು? ಎಲ್ಲಿಂದ ಬಂತು? ಕನ್ನಡದಲ್ಲಿ ಇದಕ್ಕೆ ಏನನ್ನುತ್ತಾರೆ?

ಅರಸೀಕೆರೆ ತೆಂಗು

ಬೇಗ ಗುಣವಾಗಲಿ ಅಕ್ಕ. ಇದಕ್ಕೆ ಇಷ್ಟು ಯೋಚನೆ ಯಾಕೆ, ನಮ್ಮ ಕನ್ನಡದ್ದೇ ಪದ ಅದು. ಮೆಟ್ಟು ಅಂದರೆ ಚಪ್ಪಲಿ. ಮೆಟ್ಟುವುದು ಅಂದರೆ ತುಳಿಯುವುದು. ಮೆಟ್ಟಿಲು ಹತ್ತುವುದು ಕಾಲಲ್ಲೇ. ಮೆಟ್ಟು, ಮೆಟಾ. ಮುಗಿಯಿತು. ಫೇಸ್‌ಬುಕ್‌ನವರು 2021ರಲ್ಲಿ ಕಂಪನಿಗೆ ಇದೇ ಹೆಸರು ಇಟ್ಟುಕೊಂಡಿದ್ದೂ ನಮ್ಮಿಂದಲೇ ಕದ್ದು 😀

ಹಳೇ ಮೇಷ್ಟ್ರು (ಚಿಕ್ಕಮಗಳೂರು)

ತೆಂಗಿನವರೇ, ಕೇಳೋಕೆ ಚೆನ್ನಾಗಿದೆ, ಆದರೆ ತಪ್ಪು. ಮೆಟಾ ಗ್ರೀಕ್ ಭಾಷೆಯ ಪದ. ಇಲ್ಲಿ ಅದಕ್ಕೆ "ಆಮೇಲಿನ, ಆಚೆಯ" ಅಂತ ಅರ್ಥ. ಟಾರ್ಸಸ್ ಎಂಬ ಭಾಗ ಆದ ಮೇಲೆ ಬರುವ ಮೂಳೆ, ಹಾಗಾಗಿ ಮೆಟಾಟಾರ್ಸಲ್. ಕೈಯಲ್ಲೂ ಹೀಗೇ. ಮಣಿಕಟ್ಟು ಕಾರ್ಪಸ್, ಅದರಾಚೆ ಅಂಗೈಯಲ್ಲಿರುವುದು ಮೆಟಾಕಾರ್ಪಲ್. ಉಚ್ಚಾರ ಹತ್ತಿರ ಇದೆ ಅಂತ ಎರಡು ಪದಗಳನ್ನು ಬೀಗರು ಮಾಡೋಕಾಗಲ್ಲ.

ಮೇಡಂ, ಇದು ಅರ್ಧ ಉತ್ತರ. ಟಾರ್ಸಸ್ ಕಥೆ ಉದ್ದ ಇದೆ. ಊಟ ಮಾಡಿ ಬರುತ್ತೇನೆ.

ಮೂರನೇ ವರ್ಷ (ಹಾಸನ)

ನಾನು ಎಂಬಿಬಿಎಸ್ ವಿದ್ಯಾರ್ಥಿ. ಮೇಷ್ಟ್ರು ಊಟ ಮಾಡಿ ಬರುವಷ್ಟರಲ್ಲಿ ಮೂಳೆ ಎಲ್ಲಿದೆ ಅಂತ ಹೇಳಿಬಿಡುತ್ತೇನೆ.

ಒಂದು ಪಾದದಲ್ಲಿ 26 ಮೂಳೆಗಳಿವೆ. ಹಿಮ್ಮಡಿಯಿಂದ ಪಾದದ ನಡುವಿನವರೆಗೆ 7 ಟಾರ್ಸಲ್. ಅಲ್ಲಿಂದ ಮುಂದಕ್ಕೆ ಉದ್ದುದ್ದ 5 ಮೆಟಾಟಾರ್ಸಲ್. ಆಮೇಲೆ ಬೆರಳಿನ 14. ಹೆಬ್ಬೆರಳಿಗೆ ಎರಡು, ಉಳಿದ ಬೆರಳುಗಳಿಗೆ ಮೂರು ಮೂರು. ಎರಡೂ ಪಾದ ಸೇರಿದರೆ 52. ದೊಡ್ಡವರ ಮೈಯಲ್ಲಿ ಇರುವುದೇ 206 ಅಂತ ಲೆಕ್ಕ, ಅದರಲ್ಲಿ ಕಾಲು ಭಾಗ ಕಾಲಿನ ಕೆಳಗೇ ಇದೆ!

ಅಕ್ಕ, ನಿಮ್ಮ ಚೆನ್ನಾಗಿರುವ ಬಲಗಾಲಿನಲ್ಲಿ ನೋಡಿ. ಕಿರುಬೆರಳ ಬುಡದಿಂದ ಪಾದದ ಹೊರ ಅಂಚಿನ ಮೇಲೆ ಬೆರಳು ಇಟ್ಟು ಹಿಮ್ಮಡಿ ಕಡೆಗೆ ಜಾರಿಸುತ್ತಾ ಬನ್ನಿ. ಸುಮಾರು ನಡುವಿನಲ್ಲಿ ಒಂದು ಗುಬುಟು ಸಿಗುತ್ತದೆ. ಹೊಸ ಶೂ ಹಾಕಿದಾಗ ಒತ್ತುತ್ತದಲ್ಲ, ಅದೇ. ಐದನೇ ಮೆಟಾಟಾರ್ಸಲ್‌ನ ಬುಡ ಅದು. ಮೀನಖಂಡದ ಹೊರಬದಿಯಿಂದ ಇಳಿದು ಬರುವ ಸ್ನಾಯುವಿನ ಹುರಿಯೊಂದು ಅಲ್ಲಿಗೆ ಕಟ್ಟಿಕೊಂಡಿದೆ. ಪಾದ ಒಳಕ್ಕೆ ಮಡಚಿದಾಗ ಎಳೆತಕ್ಕೆ ಮೂಳೆಯ ಒಂದು ಚೂರು ಕಿತ್ತು ಬರುತ್ತದೆ. ಅವಲ್ಷನ್ ಅಂದರೆ ಕಿತ್ತು ಬರುವುದು, ಅಷ್ಟೇ.

ಮಲೆನಾಡ ಮಳೆ

ಸಿಕ್ಕಿತು ಸಿಕ್ಕಿತು! ಮೂವತ್ತೆಂಟು ವರ್ಷ ಈ ಕಾಲಲ್ಲಿ ಓಡಾಡಿದ್ದೇನೆ, ಈ ಗುಬುಟು ಒಂದು ದಿನವೂ ಗಮನಕ್ಕೆ ಬಂದಿರಲಿಲ್ಲ. ಅತ್ತೆಯೂ ಅವರ ಕಾಲು ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ.

ಹಳೇ ಮೇಷ್ಟ್ರು

ಬಂದೆ.

ಟಾರ್ಸೋಸ್ ಎಂಬುದು ಹಳೇ ಗ್ರೀಕ್ ಪದ. ಅದಕ್ಕೂ ಮೂಳೆಗೂ ಮೊದಲು ಸಂಬಂಧವೇ ಇರಲಿಲ್ಲ. ಕಡ್ಡಿಗಳಿಂದ ಚಪ್ಪಟೆಯಾಗಿ ಹೆಣೆದ ತಟ್ಟಿ, ಅದು ಟಾರ್ಸೋಸ್. ಅದರ ಮೇಲೆ ಚೀಸ್ ಇಟ್ಟು ನೀರು ಬಸಿದು ಒಣಗಿಸುತ್ತಿದ್ದರು. ಹೋಮರನ ಒಡಿಸ್ಸಿಯಲ್ಲಿ ಒಡಿಸ್ಯೂಸ್ ಮತ್ತು ಅವನ ಜೊತೆಯವರು ಒಕ್ಕಣ್ಣ ರಾಕ್ಷಸನ ಗವಿಗೆ ಹೋಗುತ್ತಾರೆ. ರಾಕ್ಷಸ ಕುರಿ ಮೇಯಿಸಲು ಹೋಗಿರುತ್ತಾನೆ. ಒಳಗೆ ಚೀಸ್ ತುಂಬಿದ ತಟ್ಟಿಗಳು ಕಾಣುತ್ತವೆ. ಅಲ್ಲಿ ಬರುವ ಪದ ಇದೇ ಟಾರ್ಸೋಸ್.

ಅದೇ ಹೋಮರನ ಇಲಿಯಡ್‌ನಲ್ಲಿ ಟ್ರಾಯ್‌ನ ರಾಜಕುಮಾರ ಪ್ಯಾರಿಸ್ ಬಿಟ್ಟ ಬಾಣ ಗ್ರೀಕ್ ವೀರ ಡಯೊಮೀಡಿಸ್‌ನ ಬಲಪಾದಕ್ಕೆ ನಾಟಿಕೊಳ್ಳುತ್ತದೆ. ಪಾದದ ಆ ಚಪ್ಪಟೆ ಭಾಗಕ್ಕೂ ಟಾರ್ಸೋಸ್ ಅಂತಲೇ ಹೇಳಿದೆ. ಅಂದರೆ ಅಷ್ಟು ಹಿಂದೆಯೇ ತಟ್ಟಿಯ ಹೆಸರು ಪಾದಕ್ಕೆ ಹತ್ತಿಕೊಂಡಿತ್ತು. ಗ್ರೀಕರು ಅಗಲವಾಗಿ, ಚಪ್ಪಟೆಯಾಗಿ, ಸಾಲಾಗಿ ಇರುವ ಬೇರೆ ವಸ್ತುಗಳಿಗೂ ಈ ಪದ ಎಳೆದರು. ಹಡಗಿನ ಹುಟ್ಟುಗಳ ಸಾಲು ಟಾರ್ಸೋಸ್. ಹಕ್ಕಿಯ ಬಿಚ್ಚಿದ ರೆಕ್ಕೆಯೂ ಟಾರ್ಸೋಸ್.

ಮೂಳೆ ವೈದ್ಯರು ಆಮೇಲೆ ಅದನ್ನು ಪಾದದ ಹಿಂಭಾಗದ ಏಳು ಮೂಳೆಗೆ ಕಟ್ಟಿಹಾಕಿದರು. ಮೇಡಂ, ನಿಮ್ಮ ಮುರಿದ ಮೂಳೆಯ ಹೆಸರನ್ನು ಅಕ್ಷರಕ್ಕೆ ಅಕ್ಷರ ಕನ್ನಡ ಮಾಡಿದರೆ "ತಟ್ಟಿಯಾಚೆಯದು" ಅಂತ ಆಗುತ್ತದೆ.

ಕಳಸದ ಕಡೆಯವ

ತಟ್ಟಿ!! ನಮ್ಮನೆ ಹಿಂದೆ ಹನ್ನೆರಡು ತಟ್ಟಿ ಇದೆ ಮೇಷ್ಟ್ರೇ. ಡಿಸೆಂಬರ್ ಬಂದರೆ ಪಾರ್ಚ್‌ಮೆಂಟ್ ಕಾಫಿ ಒಣಗಿಸೋದೇ ಅದರ ಮೇಲೆ. ಕಣದಲ್ಲಿ ಹರವಿದರೆ ಬಿಸಿಲು ಮೇಲಿನಿಂದ ಮಾತ್ರ. ತಟ್ಟಿ ಮೇಲೆ ಹಾಕಿದರೆ ಅಡಿಯಿಂದಲೂ ಗಾಳಿ ಆಡುತ್ತದೆ, ನೀರು ನಿಲ್ಲಲ್ಲ, ವಾಸನೆ ಹಿಡಿಯಲ್ಲ. ಗ್ರೀಕರು ಚೀಸಿಗೆ ಮಾಡಿದ್ದೂ ಇದೇ ಕಾರಣಕ್ಕೆ ಇರಬೇಕು.

ಪಾದದ ಎಕ್ಸ್‌ರೇ ಒಮ್ಮೆ ಈ ಕಣ್ಣಲ್ಲಿ ನೋಡಿ. ಐದು ಉದ್ದದ ಕಡ್ಡಿ ಸಾಲಾಗಿ, ಹಿಂದೆ ತುಂಡುಗಳನ್ನು ಒತ್ತಾಗಿ ಸೇರಿಸಿದ ಹಾಗೆ. ಮಳೆಗೆ ಹಾಳಾದ ತಟ್ಟಿ ಇದ್ದ ಹಾಗೇ ಇದೆ.

ಅರಸೀಕೆರೆ ತೆಂಗು

ಮೆಟ್ಟು ಸೋತಿದ್ದು ಒಪ್ಪಿದೆ. ಆದರೆ ಇದು ಕೇಳಿ. ಚೀಸ್‌ಗೆ ಕನ್ನಡದಲ್ಲಿ ಕೆಲವರು ಗಿಣ್ಣು ಅಂತಾರೆ. ಬೆರಳಿನ ಸಂದಿಯ ಗಂಟಿಗೂ ಗಿಣ್ಣು ಅಂತಾರೆ. ಹಾಗಾದರೆ ನಮ್ಮಲ್ಲೂ ಚೀಸೂ ಮೂಳೆಯೂ ಒಂದೇ!

ಹಳೇ ಮೇಷ್ಟ್ರು

ಬಿಡಲ್ಲ ನೀವು. ಕರು ಹಾಕಿದ ಹಸುವಿನ ಹಾಲಿನ ಗಿಣ್ಣು ಬೇರೆ, ಕಬ್ಬಿನ ಗಿಣ್ಣು, ಬೆರಳಿನ ಗಿಣ್ಣು ಬೇರೆ. ಆದರೂ ಇದಕ್ಕೆ ಅರ್ಧ ಮಾರ್ಕು ಕೊಟ್ಟೆ.

ಮೂರನೇ ವರ್ಷ

ಉಳಿದ ಮೂಳೆಗಳ ಹೆಸರೂ ಹೀಗೇ, ಎಲ್ಲವೂ ಮನೆಯ ಸಾಮಾನು. ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಇದನ್ನು ಯಾರೂ ಹೇಳಿಕೊಡಲಿಲ್ಲ, ಹೇಳಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು.

ನಾವಿಕ್ಯುಲರ್ ಅಂದರೆ ಲ್ಯಾಟಿನ್‌ನಲ್ಲಿ ಪುಟ್ಟ ದೋಣಿ. ಕ್ಯೂನಿಫಾರ್ಮ್ ಮೂರಿವೆ, ಸೌದೆ ಸೀಳಲು ಹೊಡೆಯುವ ಬೆಣೆಯ ಆಕಾರ. ಕ್ಯೂಬಾಯ್ಡ್ ಅಂದರೆ ದಾಳದ ಹಾಗಿರುವುದು. ಕ್ಯೂಬ್ ಅನ್ನುವ ಪದವೇ ಗ್ರೀಕರ ಆಟದ ದಾಳದಿಂದ ಬಂದಿದ್ದು. ಬೆರಳಿನ ಮೂಳೆಗಳು ಫೆಲ್ಯಾಂಜಸ್, ಅಂದರೆ ಯುದ್ಧಕ್ಕೆ ಸಾಲುಗಟ್ಟಿ ನಿಂತ ಸೈನಿಕರು. ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ ಎರಡು ಪುಟಾಣಿ ಮೂಳೆ ಇರುತ್ತವೆ. 26ರ ಲೆಕ್ಕಕ್ಕೆ ಅವು ಸೇರಲ್ಲ. ಅವಕ್ಕೆ ಸೆಸಮಾಯ್ಡ್ ಅಂತ ಹೆಸರು. ಎಳ್ಳಿನ ಕಾಳಿನಂಥದ್ದು ಅಂತ ಅರ್ಥ.

ನನಗೆ ತುಂಬಾ ಇಷ್ಟವಾದದ್ದು ಟೇಲಸ್. ಕಣಕಾಲಿನ ಕೆಳಗೆ ಕೂತಿರುವ ಮೂಳೆ ಅದು, ಮೈಯ ಭಾರವೆಲ್ಲ ಅದರ ಮೇಲಿಂದಲೇ ಪಾದಕ್ಕೆ ಇಳಿಯುತ್ತದೆ. ಹಳೇ ಪುಸ್ತಕಗಳಲ್ಲಿ ಅದಕ್ಕೆ ಅಸ್ಟ್ರಾಗಲಸ್ ಅಂತ ಇರುತ್ತದೆ. ಊರಿಗೊಂದು ಹೆಸರು ಆಗಿದೆ ಅಂತ 1895ರಲ್ಲಿ ಬಾಸೆಲ್‌ನಲ್ಲಿ ಅಂಗರಚನೆಯ ಪಂಡಿತರು ಸೇರಿ ಒಂದೇ ಪಟ್ಟಿ ಮಾಡಿದರು. ಅಲ್ಲಿ ಟೇಲಸ್ ಗೆದ್ದಿತು. ಗ್ರೀಕರೂ ರೋಮನ್ನರೂ ಕುರಿ, ಮೇಕೆಯ ಈ ಮೂಳೆಯನ್ನೇ ಎಸೆದು ಜೂಜಾಡುತ್ತಿದ್ದರು. ನಾಲ್ಕು ಮೈ ಮೇಲೆ ನಿಲ್ಲುತ್ತದೆ, ನಮ್ಮ ಪಗಡೆ ದಾಳದ ಹಾಗೆ. ನಾಲ್ಕು ಮೂಳೆ ಎಸೆದಾಗ ನಾಲ್ಕೂ ಬೇರೆ ಬೇರೆ ಮೈ ತೋರಿಸಿದರೆ ರೋಮನ್ನರು ಅದಕ್ಕೆ ವೀನಸ್ ಅನ್ನುತ್ತಿದ್ದರು. ಅದೇ ಎಲ್ಲಕ್ಕಿಂತ ಒಳ್ಳೆಯ ಗರ. ಹುಡುಗಿಯರು ಅದೇ ಮೂಳೆ ಮೇಲಕ್ಕೆ ಎಸೆದು ಹಿಂಗೈಯಲ್ಲಿ ಹಿಡಿಯುತ್ತಿದ್ದರು. ನಮ್ಮಜ್ಜಿ ಐದು ಕಲ್ಲಲ್ಲಿ ಆಡುತ್ತಿದ್ದ ಆಟವೇ.

ಬೇಲೂರು ಬಸ್ಸು

ಕಾಲು ಮುರಿದವರಿಗೆ ಎಲ್ಲರೂ ಹೇಳೋದು ಕಾಲುಸೂಪು ಕುಡಿ ಅಂತ. ಇನ್ನು ಮೇಲೆ ಸೂಪಲ್ಲಿ ದಾಳ ಹುಡುಕುತ್ತೇನೆ.

ಫಿಸಿಯೋ ಹಾಸನ

ಮಳೆಯವರೇ, ಒಂದು ಮಾತು. ಐದನೇ ಮೆಟಾಟಾರ್ಸಲ್‌ನ ಬುಡದಲ್ಲಿ ಎರಡು ಥರದ ಮುರಿತ ಬರುತ್ತದೆ. ಬೆರಳಗಲ ಅಷ್ಟೇ ವ್ಯತ್ಯಾಸ, ಆದರೆ ಗುಣವಾಗುವ ರೀತಿಯೇ ಬೇರೆ. ತುದಿಯ ಚೂರು ಕಿತ್ತು ಬಂದದ್ದು ಸಾಮಾನ್ಯವಾಗಿ ಚೆನ್ನಾಗಿ ಕೂಡುತ್ತದೆ. ಅದಕ್ಕಿಂತ ಸ್ವಲ್ಪ ಮುಂದೆ ಮುರಿದರೆ ಅಲ್ಲಿ ರಕ್ತ ಓಡಾಟ ಕಡಿಮೆ, ಕೂಡೋದು ನಿಧಾನ. ಅದಕ್ಕೆ ಜೋನ್ಸ್ ಮುರಿತ ಅಂತ ಹೆಸರು. ನಿಮ್ಮದು ಯಾವುದು ಅಂತ ಡಾಕ್ಟರ್ ನೋಡಿ ಬರೆದಿದ್ದಾರೆ. ಇಲ್ಲಿ ಓದಿ ನೀವೇ ಊರಿ ನಡೆಯೋಕೆ ಹೋಗಬೇಡಿ.

ಆ ಜೋನ್ಸ್ ಕಥೆ ಕೇಳಿ. ಸರ್ ರಾಬರ್ಟ್ ಜೋನ್ಸ್, ಲಿವರ್‌ಪೂಲ್‌ನ ದೊಡ್ಡ ಮೂಳೆ ವೈದ್ಯರು. ಕುಣಿಯುವಾಗ ಅವರದೇ ಕಾಲು ಮಡಚಿಕೊಂಡಿತು. ಎಕ್ಸ್‌ರೇ ಕಂಡುಹಿಡಿದು ಆಗಿನ್ನೂ ಹತ್ತು ವರ್ಷವೂ ಆಗಿರಲಿಲ್ಲ. ತಮ್ಮದೇ ಪಾದದ ಚಿತ್ರ ತೆಗೆಸಿದರು, ಅದೇ ಥರದ ಬೇರೆ ರೋಗಿಗಳನ್ನೂ ಸೇರಿಸಿ 1902ರಲ್ಲಿ ಲೇಖನ ಬರೆದರು. ಅಲ್ಲಿಯವರೆಗೆ ಈ ಮೂಳೆಗೆ ನೇರವಾಗಿ ಏಟು ಬಿದ್ದರೆ ಮಾತ್ರ ಮುರಿಯುತ್ತದೆ ಅಂತ ನಂಬಿದ್ದವರೇ ಜಾಸ್ತಿ. ಮಡಚಿದರೂ ಮುರಿಯುತ್ತದೆ ಅಂತ ಅವರ ಕಾಲೇ ಸಾಕ್ಷಿ ಹೇಳಿತು.

ಇನ್ನೊಂದು ಇದೆ. ಎರಡು, ಮೂರನೇ ಮೆಟಾಟಾರ್ಸಲ್ ಏಟೇ ಇಲ್ಲದೆ ಬಿರುಕು ಬಿಡಬಹುದು, ಬರೀ ನಡೆದು ನಡೆದು. 1855ರಲ್ಲಿ ಪ್ರಷ್ಯಾದ ಸೈನ್ಯದ ವೈದ್ಯ ಬ್ರೈಟ್‌ಹೌಪ್ಟ್ ಇದನ್ನು ಮೊದಲು ಬರೆದಿಟ್ಟರು. ಸೈನಿಕರ ಪಾದ ಊದುತ್ತದೆ, ನೋಯುತ್ತದೆ, ಕಾರಣ ತಿಳಿಯದು. ಮೂಳೆಯ ಬಿರುಕು ಅಂತ ಗೊತ್ತಾಗಿದ್ದು ಎಕ್ಸ್‌ರೇ ಬಂದ ಮೇಲೆ. ನಮ್ಮಲ್ಲೂ ಉಂಟು. ದೀಪಾವಳಿಗೆ ದೇವೀರಮ್ಮನ ಬೆಟ್ಟ ಬರಿಗಾಲಲ್ಲಿ ಹತ್ತಿ ಇಳಿದು, ವರ್ಷವೆಲ್ಲ ಅಂಗಡಿಯಲ್ಲಿ ಕೂತೇ ಇದ್ದವರು ಎರಡು ವಾರ ಆದ ಮೇಲೆ "ಮೇಡಂ, ಉಳುಕಿದೆ ಅನ್ಸುತ್ತೆ" ಅಂತ ಬರುತ್ತಾರೆ. ಒತ್ತಿದರೆ ಒಂದೇ ಜಾಗದಲ್ಲಿ ನೋವು. ಹಾಗಿದ್ದರೆ ನಾನು ಮುಟ್ಟೋಕೆ ಹೋಗಲ್ಲ, ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ.

ಸೀಗೆಗುಡ್ಡ

ಗ್ರೀಕರು ರೋಮನ್ನರು ಅಂತ ಹೊಗಳಿದ್ದೇ ಹೊಗಳಿದ್ದು. ನಮ್ಮ ಸುಶ್ರುತ ಏನು ಕಡಿಮೆ? ಅವನ ಲೆಕ್ಕ ಹೇಳುತ್ತೇನೆ. ಒಂದೊಂದು ಕಾಲ್ಬೆರಳಿಗೆ ಮೂರು ಮೂರು, ಒಟ್ಟು 15. ತಲ, ಕೂರ್ಚ, ಗುಲ್ಫ, ಅಂದರೆ ಅಂಗಾಲಿನಿಂದ ಕಣಕಾಲಿನವರೆಗಿನವು, ಸೇರಿ 10. ಪಾರ್ಷ್ಣಿ, ಅಂದರೆ ಹಿಮ್ಮಡಿ, 1. ಕೂಡಿಸಿ ನೋಡಿ: 26! ಎಕ್ಸ್‌ರೇ ಇಲ್ಲದ ಕಾಲದಲ್ಲಿ!

ಮೂರನೇ ವರ್ಷ

ಸರ್, ಲೆಕ್ಕ ಸರಿಯಾಗಿ ಕೊಟ್ಟಿದ್ದೀರಿ. ಆದರೆ ಮೊತ್ತ ಹೊಂದಿತು ಅಂತ ಒಳಗಿನ ಲೆಕ್ಕ ಹೊಂದಲ್ಲ. ಬೆರಳಿಗೆ ನಾವು 14 ಎಣಿಸುತ್ತೇವೆ, ಸುಶ್ರುತ 15. ಹೆಬ್ಬೆರಳಿಗೂ ಮೂರು ಕೊಟ್ಟಿದ್ದಾನೆ. ಮೈಯ ಒಟ್ಟು ಮೂಳೆ ಅವನಿಗೆ 300. ಚರಕ ಹಲ್ಲು, ಉಗುರು ಎಲ್ಲ ಸೇರಿಸಿ 360 ಅಂತಾನೆ. ಎಣಿಸುವ ಕ್ರಮವೇ ಬೇರೆ.

ಆದರೂ ಆ ಹೆಬ್ಬೆರಳಿನ ಮೂರನೆಯದು ಸುಮ್ನೆ ತಪ್ಪು ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಮಕ್ಕಳಲ್ಲಿ ಮೂಳೆ ಉದ್ದವಾಗುವ ಜಾಗ ಎರಡರಿಂದ ಐದನೇ ಮೆಟಾಟಾರ್ಸಲ್‌ನಲ್ಲಿ ಬೆರಳಿನ ಕಡೆಯ ತುದಿಯಲ್ಲಿ ಇರುತ್ತದೆ. ಮೊದಲನೆಯದರಲ್ಲಿ ಮಾತ್ರ ಬುಡದಲ್ಲಿ. ಬೆರಳಿನ ಮೂಳೆಗಳಲ್ಲೂ ಅದು ಬುಡದಲ್ಲೇ. ಅಂದರೆ ಹೆಬ್ಬೆರಳಿನ ಮೆಟಾಟಾರ್ಸಲ್ ಬೆಳೆಯುವುದು ಬೆರಳಿನ ಮೂಳೆಯ ಹಾಗೆ. ಅದನ್ನು ಬೆರಳಿಗೆ ಸೇರಿಸಿ ಎಣಿಸಿದರೆ ಹೆಬ್ಬೆರಳಿಗೂ ಮೂರೇ ಆಗುತ್ತದೆ. ಸುಶ್ರುತ ಇದನ್ನು ನೋಡಿ ಬರೆದ ಅಂತ ನಾನು ಹೇಳುತ್ತಿಲ್ಲ. ಮಜಾ ಇದೆ ಅಷ್ಟೇ.

ಸೀಗೆಗುಡ್ಡ

ಒಪ್ಪಿದೆ. ಹುಡುಗ ಚೆನ್ನಾಗಿ ಓದಿದ್ದೀಯ.

ಮಲೆನಾಡ ಮಳೆ

ಕನ್ನಡದ ಹೆಸರು ಕೇಳಿದ್ದೆ, ಅದನ್ನು ಎಲ್ಲರೂ ಮರೆತಿರಿ. ನಾನೇ ಒಂದು ಊಹೆ ಮಾಡಿದ್ದೇನೆ. ಕಣಕಾಲು ಅಂತೀವಲ್ಲ, ಅದು ಕಾಫಿ ಕಣದ ಕಣವೇ? ಗ್ರೀಕರಿಗೆ ತಟ್ಟಿ, ನಮಗೆ ಕಣ! ಎರಡೂ ಒಣಗಿಸುವ ಜಾಗ. ಮೇಷ್ಟ್ರು ಬೈಯಬಾರದು.

ಹಳೇ ಮೇಷ್ಟ್ರು

ಬೈಯಲ್ಲ, ಆದರೆ ಒಪ್ಪೋದೂ ಇಲ್ಲ. ತಮಿಳಿನಲ್ಲಿ ಕಣುಕ್ಕಾಲ್ ಅಂತಾರೆ. ಕಣು ಅಂದರೆ ಬಿದಿರಿನ, ಕಬ್ಬಿನ ಗಂಟು. ಆ ಕಡೆಯಿಂದ ನೋಡಿದರೆ ಕಣಕಾಲು ಅಂದರೆ ಗಂಟಿರುವ ಕಾಲು. ತೆಂಗಿನವರ ಗಿಣ್ಣು ಇಲ್ಲಿ ಕೆಲಸಕ್ಕೆ ಬರುತ್ತಿತ್ತು, ಅವರು ಚೀಸ್ ಕಡೆ ಹೋದರು.

ಕಾಲಿನ ಆ ಗಂಟಿಗೆ ಹರಡು ಅಂತ ಒಂದು ಒಳ್ಳೆಯ ಪದ ಇದೆ, ಈಗ ಕೇಳೋದೇ ಅಪರೂಪ. ತಮಿಳಲ್ಲಿ ಪರಡು. ಪಾಲು ಹೋಗಿ ಹಾಲು ಆದ ಹಾಗೆ ಇಲ್ಲೂ ಪ ಹೋಗಿ ಹ ಬಂದಿದೆ. ಹಿಮ್ಮಡಿ ಅಂದರೆ ಹಿಂದಿನ ಮಡ. ಮಡ ಅಂತಲೇ ಹಿಮ್ಮಡಿಗೆ ಹಳೇ ಹೆಸರು, ತೆಲುಗಿನವರು ಈಗಲೂ ಮಡಮ ಅಂತಾರೆ.

ಮೆಟಾಟಾರ್ಸಲ್‌ಗೆ ಬೇಕೆಂದರೆ ಅಂಗಾಲಿನ ಮೂಳೆ ಅನ್ನಿ, ಎಲ್ಲರಿಗೂ ತಿಳಿಯುತ್ತದೆ. ಸಂಸ್ಕೃತದಲ್ಲಿ ಪಾದದ ಮುಂಭಾಗಕ್ಕೆ ಪ್ರಪದ ಅಂತಾರೆ. ಅದರಿಂದ ಪ್ರಪದಾಸ್ಥಿ ಅಂತ ಮಾಡಬಹುದು. ಆದರೆ ನಿಮ್ಮತ್ತೆ ಅದನ್ನು ಕೇಳಿದರೆ ಟಾರ್ ರೋಡೇ ವಾಸಿ ಅಂತಾರೆ.

ಕಳಸದ ಕಡೆಯವ

ಮೇಡಂ, ನೀವು ಹಾಲು ಕರೆಯೋಕೆ ಕೂತಾಗ ಮುಖದ ಹತ್ತಿರ ಹಸುವಿನ ಹಿಂಗಾಲಲ್ಲಿ ಹಿಂದಕ್ಕೆ ಚಾಚಿದ ಒಂದು ಗಂಟು ಕಾಣುತ್ತದಲ್ಲ, ಅದು ಹಸುವಿನ ಮೊಣಕಾಲು ಅಂತ ನಾನು ಅಂದುಕೊಂಡಿದ್ದೆ. ನಮ್ಮ ಪಶುವೈದ್ಯರು ಒಮ್ಮೆ ನಕ್ಕುಬಿಟ್ಟರು. ಅದು ಹಿಮ್ಮಡಿಯಂತೆ! ಹಸು ಜೀವಮಾನವೆಲ್ಲ ತುದಿಬೆರಳ ಮೇಲೇ ನಿಂತಿರುತ್ತದೆ. ಆ ಗಂಟಿನ ಕೆಳಗಿನ ಉದ್ದ ಮೂಳೆ ಇದೆಯಲ್ಲ, ಅದೇ ಮೆಟಾಟಾರ್ಸಲ್. ಮೂರನೆಯದೂ ನಾಲ್ಕನೆಯದೂ ಕೂಡಿ ಒಂದೇ ಆಗಿದೆ. ಕೋಳಿಗೂ ಹಾಗೇ. ಪೊರೆಪೊರೆಯಾಗಿ ಹಳದಿ ಕಾಣುವ ಕಾಲು, ಅದು ಪಾದ.

ಮಲೆನಾಡ ಮಳೆ

ಅಯ್ಯೋ, ಇಷ್ಟು ವರ್ಷ ಗೌರಿಯ ಹಿಮ್ಮಡಿ ಪಕ್ಕ ಮುಖ ಇಟ್ಟುಕೊಂಡು ಕೂತಿದ್ದೆನಾ!

ಬೇಲೂರು ಬಸ್ಸು

ಒಂದು ಡೌಟು. ನಮ್ಮಮ್ಮನ ಕಣ್ಣಿನ ಚೀಟಿಯಲ್ಲೂ ಟಾರ್ಸಲ್ ಅಂತ ನೋಡಿದ ನೆನಪು. ಕಣ್ಣಿಗೂ ಕಾಲಿಗೂ ಏನು ಸಂಬಂಧ?

ಮೂರನೇ ವರ್ಷ

ನೆನಪು ಸರಿ. ರೆಪ್ಪೆಯೊಳಗೆ ಗಟ್ಟಿಯಾದ ಒಂದು ಚಪ್ಪಟೆ ಪಟ್ಟಿ ಇದೆ. ರೆಪ್ಪೆಗೆ ಆಕಾರ ಕೊಡೋದು ಅದೇ. ಅದರ ಹೆಸರೂ ಟಾರ್ಸಸ್. ಮೂಳೆ ಅಲ್ಲ, ಚಪ್ಪಟೆ ಇದೆ ಅಂತ ಆ ಹೆಸರು.

ಹಳೇ ಮೇಷ್ಟ್ರು

ನಿನ್ನೆ ರಾತ್ರಿ ಕರೆಂಟ್ ಹೋಗಿತ್ತು, ಬರೆಯೋಕೆ ಆಗಲಿಲ್ಲ. ಒಂದು ಮುಖ್ಯ ವಿಷಯ ಬಾಕಿ ಇದೆ.

ತಟ್ಟಿಗೆ ಟಾರ್ಸೋಸ್ ಅಂತ ಯಾಕೆ ಹೆಸರು ಬಂತು? ಅದು ಒಣಗಿಸುವ ಸಾಮಾನು ಅಂತ. ಅದರ ಬೇರಿಗೆ ಒಣಗು ಅಂತ ಅರ್ಥ. ಅದೇ ಬೇರು ಸಂಸ್ಕೃತದಲ್ಲೂ ಇದೆ. ಅಲ್ಲಿ ಒಣಗಿದ್ದು ಗಂಟಲು. ತೃಷೆ, ತೃಷ್ಣೆ. ಸಂಸ್ಕೃತದಲ್ಲಿ ತರ್ಷ ಅಂತಲೂ ಒಂದು ರೂಪ ಇದೆ, ಬಾಯಾರಿಕೆ ಅಂತಲೇ ಅರ್ಥ. ಟಾರ್ಸ್, ತರ್ಷ, ಹೇಳಿ ನೋಡಿ. ಇಂಗ್ಲಿಷಿನ ಥರ್ಸ್ಟ್ ಕೂಡ ಇದೇ ಮನೆಯದು.

ತೆಂಗಿನವರೇ, ಇಲ್ಲಿ ನೋಡಿ. ನಿಮ್ಮ ಮೆಟ್ಟು ಮೆಟಾದ ಪಕ್ಕವೇ ನಿಂತಿತ್ತು, ನೆಂಟಸ್ತನ ಇರಲಿಲ್ಲ. ತೃಷೆ ಎಲ್ಲೋ ದೂರ ಕೂತಿತ್ತು, ಅದೇ ನಿಜವಾದ ನೆಂಟ. ನಮ್ಮ ಬಾಯಾರಿಕೆ ಈ ಕುಲದ್ದಲ್ಲ, ಅಚ್ಚ ಕನ್ನಡದ ಪದ. ಆದರೆ ಅದೂ ನಡೆದದ್ದು ಇದೇ ದಾರಿಯಲ್ಲಿ. ಬಾಯಿ ಆರುವುದು, ಬಟ್ಟೆ ಆರಿದ ಹಾಗೆ.

ಅರಸೀಕೆರೆ ತೆಂಗು

ಮೇಷ್ಟ್ರೇ, ಶರಣು. ಮೆಟ್ಟು ಬಿಟ್ಟು ಬರಿಗಾಲಲ್ಲಿ ಬಂದು ಕಾಲಿಗೆ ಬೀಳುತ್ತೇನೆ.

ಹಳೇ ಮೇಷ್ಟ್ರು

ಬನ್ನಿ, ಕಾಫಿ ಕುಡಿಯೋಣ. ಕಾಫಿ ಅಂದಾಗ ನೆನಪಾಯಿತು. ಲ್ಯಾಟಿನ್‌ನಲ್ಲಿ ಈ ಬೇರಿನಿಂದ ಟೊರೇರೆ ಅಂತ ಒಂದು ಕ್ರಿಯಾಪದ ಇದೆ. ಕಾಯಿಸಿ ಒಣಗಿಸು, ಹುರಿ ಅಂತ ಅರ್ಥ. ಬ್ರೆಡ್ ಟೋಸ್ಟ್ ಅಲ್ಲಿಂದಲೇ ಬಂದಿದ್ದು. ಇಟಲಿಯವರು ಕಾಫಿ ಬೀಜ ಹುರಿಯುವುದಕ್ಕೆ ಟೊರೆಫಜಿಯೋನೆ ಅಂತಾರೆ, ಹುರಿದು ಮಾರುವ ಅಂಗಡಿಗೂ ಅದೇ ಹೆಸರು. ಅಲ್ಲಿಗೆ ಮೂಡಿಗೆರೆ ಮೇಡಂ ಮುರಿದುಕೊಂಡ ಮೂಳೆ, ಕಳಸದವರ ತಟ್ಟಿಯ ಒಣಗಿಸುವ ಕೆಲಸ, ಕಾಫಿ ಪುಡಿ ಅಂಗಡಿಯಲ್ಲಿ ಬೀಜ ಹುರಿಯುವುದು, ಮೂರೂ ಒಂದೇ ಬೇರಿನ ನೆಂಟರು.

ಕಳಸದ ಕಡೆಯವ

ಇದನ್ನು ಪ್ರಿಂಟ್ ತೆಗೆದು ಪಲ್ಪರ್ ಮನೆ ಗೋಡೆಗೆ ಅಂಟಿಸುತ್ತೇನೆ.

ಮಲೆನಾಡ ಮಳೆ, ಆರು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮತ್ತೆ ಎಕ್ಸ್‌ರೇ ಆಯಿತು, ಮೂಳೆ ಕೂಡಿದೆ. ನಿಧಾನಕ್ಕೆ ಊರಿ ನಡೆಯಬಹುದು ಅಂದರು. ಈ ಸಲ ನಾನೇ ಚಿತ್ರ ಹಿಡಿದು, "ಇದು ಕ್ಯೂಬಾಯ್ಡ್ ಅಲ್ವಾ ಡಾಕ್ಟ್ರೇ, ದಾಳ?" ಅಂತ ಕೇಳಿದೆ. ಡಾಕ್ಟರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

ಅತ್ತೆ ಬಂದವರಿಗೆಲ್ಲ "ನಮ್ಮ ಸೊಸೆಗೆ ತಟ್ಟಿಯಾಚೆ ಮೂಳೆ ಮುರಿದಿತ್ತು" ಅಂತ ಹೇಳುತ್ತಿದ್ದಾರೆ. ಬಂದವರು ಹಿತ್ತಲ ಕಡೆ ಇಣುಕಿ, ಯಾವ ತಟ್ಟಿ ಅಂತ ಹುಡುಕುತ್ತಾರೆ. ಕಣಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿದ್ದಾಯಿತು.